ಬೆನ್ನುಹುರಿ ದ್ರವದ ಸೋರಿಕೆಗೆ ಬ್ಲಡ್ ಪ್ಯಾಚ್: ಯಶಸ್ಸಿನ ಅಂಕಿಗಳ ಬಗ್ಗೆ ಒಂದು ಟಿಪ್ಪಣಿ

ಶಸ್ತ್ರಚಿಕಿತ್ಸೆ ಇಲ್ಲದೆ ಬೆನ್ನುಹುರಿ ದ್ರವದ ಸೋರಿಕೆಯನ್ನು ನಿಲ್ಲಿಸುವ ಉಪಾಯಗಳಲ್ಲಿ ಎಪಿಡ್ಯೂರಲ್ ಬ್ಲಡ್ ಪ್ಯಾಚ್‌ನಷ್ಟು ಹೆಸರಾದದ್ದು ಬೇರೊಂದಿಲ್ಲ. ರೋಗಿಯ ತೋಳಿನಿಂದ ಒಂದಿಷ್ಟು ರಕ್ತ ತೆಗೆದು, ಅದು ಹೆಪ್ಪುಗಟ್ಟುವ ಮುನ್ನವೇ ಅವರದೇ ಬೆನ್ನಿನೊಳಗೆ, ದ್ರವವನ್ನು ಹಿಡಿದಿಟ್ಟಿರುವ ಡ್ಯೂರಾ ಪೊರೆಯ ಹೊರಮಗ್ಗುಲಿನ ತೆರಪಿಗೆ ಏರಿಸುತ್ತಾರೆ. ವಿಧಾನ ಇಷ್ಟೇ. ಇದರ ಮೊದಲ ವರದಿ ಬಂದದ್ದು 1960ರಲ್ಲಿ. ಆಮೇಲಿನ ವರದಿಗಳನ್ನು ಓದುತ್ತಾ ಹೋದರೆ ಯಶಸ್ಸು ಶೇ. 90ಕ್ಕೂ ಹೆಚ್ಚು ಎಂದು ಒಬ್ಬರು, ಶೇ. 75 ಎಂದು ಮತ್ತೊಬ್ಬರು, ಶೇ. 64 ಎಂದು ಇನ್ನೊಬ್ಬರು, ಶೇ. 32 ಎಂದು ಮಗದೊಬ್ಬರು ಬರೆದಿರುವುದು ಕಾಣುತ್ತದೆ. ಒಂದೇ ಚಿಕಿತ್ಸೆಗೆ ಇಷ್ಟು ಅಂತರದ ಅಂಕಿಗಳು ಹೇಗೆ ಬಂದವು ಎಂಬುದು ಈ ಟಿಪ್ಪಣಿಯ ಪ್ರಶ್ನೆ. ಸೂಜಿ ಮಾಡಿದ ತೂತು ಮತ್ತು ತಾನಾಗಿ ಆದ ತೂತು ಎರಡು ಬೇರೆ ಕಾಯಿಲೆಗಳು. ಮೊದಲನೆಯದರಲ್ಲಿ ಗಳಿಸಿದ ಹೆಸರಿನ ಮೇಲೆಯೇ ಬ್ಲಡ್ ಪ್ಯಾಚ್ ಎರಡನೆಯದಕ್ಕೂ ಕಾಲಿಟ್ಟಿದೆ ಎಂಬುದು ನನ್ನ ವಾದ.

ಮೊದಲು ದ್ರವದ ವಿಚಾರ. ವೈದ್ಯರ ಬಾಯಲ್ಲಿ ಸಿಎಸ್‌ಎಫ್ ಎನಿಸಿಕೊಳ್ಳುವ ಈ ತಿಳಿನೀರು ವಯಸ್ಕರ ಮಿದುಳು ಮತ್ತು ಬೆನ್ನುಹುರಿಯ ಸುತ್ತ ಸುಮಾರು 150 ಮಿ.ಲೀ. ಇರುತ್ತದೆ. ದಿನಕ್ಕೆ ಹತ್ತಿರಹತ್ತಿರ ಅರ್ಧ ಲೀಟರ್ ಹೊಸದಾಗಿ ಹುಟ್ಟಿ, ಅಷ್ಟೇ ರಕ್ತಕ್ಕೆ ಮರಳುತ್ತದೆ. 1,400 ಗ್ರಾಂ ತೂಗುವ ಮಿದುಳು ಇದರಲ್ಲಿ ತೇಲುವಾಗ ಅದರ ಭಾರ 50 ಗ್ರಾಂ ಆಸುಪಾಸಿಗೆ ಇಳಿಯುತ್ತದೆ. ಕೆಳಗೆಲ್ಲೋ ಸೋರಿದರೆ ಈ ತೇಲುವಿಕೆ ತಗ್ಗುತ್ತದೆ. ಎದ್ದು ನಿಂತಾಗ ಮಿದುಳು ಕೆಳಗೆ ಜಗ್ಗುತ್ತದೆ. ಜೊತೆಗೆ, ದ್ರವ ಬಿಟ್ಟುಹೋದ ಜಾಗವನ್ನು ತುಂಬಲು ತಲೆಯೊಳಗಿನ ಸಿರೆಗಳು ಉಬ್ಬುತ್ತವೆ. ಎದ್ದರೆ ತಲೆನೋವು, ಮಲಗಿದರೆ ಇಳಿಮುಖ ಎಂಬ ಲಕ್ಷಣಕ್ಕೆ ಕಾರಣ ಇವೆರಡೇ. ಕತ್ತು ಬಿಗಿಯುವುದು, ವಾಕರಿಕೆ, ಕಿವಿ ಕಟ್ಟಿದಂತಾಗುವುದು, ಕೆಲವೊಮ್ಮೆ ಒಂದು ಎರಡಾಗಿ ಕಾಣುವುದು ಇವೂ ಜೊತೆಗೂಡುತ್ತವೆ.

ಈ ತಲೆನೋವಿನ ಮೊದಲ ವಿವರವಾದ ದಾಖಲೆ ಸಿಗುವುದು ಜರ್ಮನಿಯ ಕೀಲ್ ಪಟ್ಟಣದಲ್ಲಿ. ಸೊಂಟದ ಬಳಿ ಸೂಜಿ ಚುಚ್ಚಿ ದ್ರವ ತೆಗೆಯುವ ಕ್ರಮವನ್ನು ಹೈನ್‌ರಿಶ್ ಕ್ವಿಂಕೆ 1891ರಲ್ಲಿ ಪ್ರಕಟಿಸಿದ್ದು ಅಲ್ಲಿಂದಲೇ. ಏಳು ವರ್ಷಗಳ ಬಳಿಕ, 1898ರ ಆಗಸ್ಟ್‌ನಲ್ಲಿ, ಅದೇ ಊರಿನ ಶಸ್ತ್ರವೈದ್ಯ ಆಗಸ್ಟ್ ಬೀರ್ ಅದೇ ದಾರಿಯಲ್ಲಿ ಕೊಕೇನ್ ಸೇರಿಸಿ ಸೊಂಟದ ಕೆಳಗೆ ಅರಿವಳಿಕೆ ತರಿಸಿದರು. ರೋಗಿಗಳಿಗೆ ಆಮೇಲೆ ತಲೆನೋವು ಬರುತ್ತಿದ್ದುದರಿಂದ ಪ್ರಯೋಗವನ್ನು ತಮ್ಮ ಮೇಲೆಯೇ ಮಾಡಿ ನೋಡಲು ಹೊರಟರು. ಸಹಾಯಕ ಹಿಲ್ಡೆಬ್ರಾಂಟ್ ಸೂಜಿ ಚುಚ್ಚಿದರೇನೋ ನಿಜ, ಆದರೆ ಸಿರಿಂಜು ಸೂಜಿಗೆ ಸರಿಯಾಗಿ ಕೂರಲಿಲ್ಲ. ಬೀರ್ ಅವರ ಬೆನ್ನಿನಿಂದ ದ್ರವ ಧಾರಾಳವಾಗಿ ಹರಿದುಹೋಯಿತು. ಔಷಧ ಒಳಗೆ ಹೋಗಲೇ ಇಲ್ಲ. ಕೂಡಲೇ ಪಾತ್ರ ಅದಲುಬದಲಾಗಿ ಹಿಲ್ಡೆಬ್ರಾಂಟ್ ಮಲಗಿದರು. ಅವರ ಕಾಲನ್ನು ಚಿವುಟಿ, ಉರಿಯುವ ಚುಟ್ಟ ತಾಗಿಸಿ, ಮೊಣಕಾಲ ಕೆಳಗಿನ ಮೂಳೆಗೆ ಕಬ್ಬಿಣದ ಸುತ್ತಿಗೆಯಿಂದ ಬಡಿದು ಪರೀಕ್ಷಿಸಿದ್ದಾಯಿತು. ನೋವು ಗೊತ್ತಾಗಲಿಲ್ಲ. ಸಂಜೆ ಇಬ್ಬರೂ ಊಟ ಮಾಡಿ, ವೈನ್ ಕುಡಿದು, ಚುಟ್ಟ ಸೇದಿದರು. ಮರುದಿನದಿಂದ ಬೀರ್‌ಗೆ ತಲೆನೋವು ಹತ್ತಿ, ಒಂಬತ್ತು ದಿನ ಬಿಡಲಿಲ್ಲ. ಅಡ್ಡಾದ ಕೂಡಲೇ ಹೋಗುತ್ತಿತ್ತು, ಎದ್ದರೆ ಮರಳುತ್ತಿತ್ತು. ತಪ್ಪು ವೈನ್‌ನದಲ್ಲ, ಹರಿದುಹೋದ ದ್ರವದ್ದು ಎಂದು ಅವರು ಶಂಕಿಸಿದರು. 1899ರಲ್ಲಿ ಪ್ರಕಟವಾದ ಅವರ ಲೇಖನವನ್ನು ಇಂದು ಓದಿದರೂ ಆ ಶಂಕೆಯಲ್ಲಿ ತಿದ್ದಬೇಕಾದ್ದು ಹೆಚ್ಚೇನಿಲ್ಲ.

ರೋಗ ಯಾವುದೆಂದು ಅಷ್ಟು ಬೇಗ ಗೊತ್ತಾದರೂ ಮದ್ದಿಗೆ 60 ವರ್ಷ ಕಾಯಬೇಕಾಯಿತು. ಅಲ್ಲಿಯವರೆಗೆ ಹೇಳುತ್ತಿದ್ದದ್ದು ಅಲ್ಲಾಡದೆ ಮಲಗುವುದು, ನೀರು ಕುಡಿಯುವುದು, ಹೊಟ್ಟೆಗೆ ಪಟ್ಟಿ ಬಿಗಿಯುವುದು. ಸ್ಪೈನಲ್ ಅರಿವಳಿಕೆ ಕೊಟ್ಟು ಸಿಸೇರಿಯನ್ ಮಾಡಿಸಿಕೊಂಡ ಬಾಣಂತಿಗೆ ನಮ್ಮ ಆಸ್ಪತ್ರೆಗಳಲ್ಲಿ ಇಂದಿಗೂ ‘ತಲೆ ಎತ್ತಬೇಡಮ್ಮ, ದಿಂಬು ಬೇಡ’ ಎನ್ನುತ್ತಾರಲ್ಲ, ಅದು ಆ ಕಾಲದ ಉಳಿಕೆ. ಚುಚ್ಚಿದ ನಂತರ ಮಲಗಿಸುವುದರಿಂದಾಗಲೀ ಹೆಚ್ಚು ದ್ರವ ಕೊಡುವುದರಿಂದಾಗಲೀ ತಲೆನೋವು ತಪ್ಪುತ್ತದೆ ಎಂಬುದಕ್ಕೆ, ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ಸಮೀಕ್ಷೆಯಲ್ಲಿ ಆಧಾರ ಸಿಗಲಿಲ್ಲ. ಬಂದ ತಲೆನೋವು ಮಲಗಿದಾಗ ತಗ್ಗುತ್ತದೆ ಎಂಬುದು ಬೇರೆ ಮಾತು. ಎರಡನ್ನೂ ಬೆರೆಸಿದ್ದರಿಂದಲೇ ದಿಂಬಿನ ನಿಷೇಧ ಇಷ್ಟು ಕಾಲ ಬಾಳಿತು ಎನಿಸುತ್ತದೆ. ಕೆಫೀನ್‌ನದು ಇನ್ನೊಂದು ಕಥೆ. ಉಬ್ಬಿದ ರಕ್ತನಾಳಗಳನ್ನು ಅದು ಕುಗ್ಗಿಸುತ್ತದೆ, ಕೆಲವು ಗಂಟೆ ಹಗುರವಾಗುತ್ತದೆ, ಆದರೆ ತೂತು ಹಾಗೆಯೇ ಇರುತ್ತದೆ. ಫಿಲ್ಟರ್ ಕಾಫಿ ಕುಡಿಯಬೇಡಿ ಎಂದು ಯಾರೂ ಹೇಳುವುದಿಲ್ಲ. ಅದನ್ನೇ ಚಿಕಿತ್ಸೆ ಎಂದುಕೊಳ್ಳಬಾರದು, ಅಷ್ಟೆ.

ನಿಜವಾದ ತಡೆ ಸೂಜಿಯ ಮೊನೆಯಲ್ಲಿದೆ. ಕ್ವಿಂಕೆ ಹೆಸರಿನ ಸೂಜಿಯ ತುದಿ ಓರೆಯಾಗಿ ಕತ್ತರಿಸಿದ್ದು, ಅದು ಡ್ಯೂರಾವನ್ನು ಕೊಯ್ಯುತ್ತದೆ. 1951ರಲ್ಲಿ ಬಂದ ವಿಟಕರ್ ಸೂಜಿ ಮತ್ತು 1987ರ ಸ್ಪ್ರಾಟ್ ಸೂಜಿಯ ತುದಿ ಪೆನ್ಸಿಲ್ ಮೊನೆಯಂತಿದ್ದು ಎಳೆಗಳನ್ನು ಸರಿಸಿಕೊಂಡು ಒಳಹೋಗುತ್ತವೆ. 2018ರ ‘ಲ್ಯಾನ್ಸೆಟ್’ ಪತ್ರಿಕೆ 110 ಪ್ರಯೋಗಗಳನ್ನು, 31 ಸಾವಿರಕ್ಕೂ ಹೆಚ್ಚು ಜನರನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದ ಅಧ್ಯಯನವನ್ನು ಪ್ರಕಟಿಸಿತು. ಅದರಲ್ಲಿ ಹಳೆಯ ಸೂಜಿಯಿಂದ ತಲೆನೋವು ಶೇ. 11, ಪೆನ್ಸಿಲ್ ಮೊನೆಯದರಿಂದ ಶೇ. 4.2. ಈ ಕ್ಷೇತ್ರದಲ್ಲಿ ಇಷ್ಟು ಗಟ್ಟಿಯಾದ ಸಾಕ್ಷ್ಯ ಇನ್ನೊಂದು ವಿಷಯಕ್ಕಿಲ್ಲ. ನಮ್ಮ ಕಡೆ ‘ಬೆನ್ನಿಗೆ ಇಂಜೆಕ್ಷನ್ ಕೊಟ್ಟರು, ಅದಕ್ಕೇ ಹೀಗಾಯ್ತು’ ಎಂಬ ದೂರು ಕೇಳುವಾಗ ಯಾವ ಸೂಜಿ ಎಂದು ವಿಚಾರಿಸುವವರು ಕಡಿಮೆ.

ಇನ್ನು ಬ್ಲಡ್ ಪ್ಯಾಚ್. ಅಮೆರಿಕದ ಜನರಲ್ ಸರ್ಜನ್ ಜೇಮ್ಸ್ ಗಾರ್ಮ್ಲಿ ಒಂದು ಸಂಗತಿಯನ್ನು ಗಮನಿಸಿದ್ದರು: ಸೂಜಿ ಚುಚ್ಚುವಾಗ ರಕ್ತ ಬೆರೆತು ಬಂದವರಲ್ಲಿ ತಲೆನೋವು ಕಡಿಮೆ. ಹಾಗಿದ್ದರೆ ರಕ್ತವನ್ನು ಬೇಕೆಂದೇ ಅಲ್ಲಿಗೆ ಕಳಿಸಿದರೆ? 2ರಿಂದ 3 ಮಿ.ಲೀ. ರಕ್ತವನ್ನು ಏಳು ಮಂದಿಗೆ ಕೊಟ್ಟು 1960ರಲ್ಲಿ ‘ಅನೆಸ್ತೀಸಿಯಾಲಜಿ’ ಪತ್ರಿಕೆಯಲ್ಲಿ ಚಿಕ್ಕದೊಂದು ವರದಿ ಬರೆದರು. ಆ ಏಳರಲ್ಲಿ ಒಬ್ಬರು ಸ್ವತಃ ಗಾರ್ಮ್ಲಿ. ಬೀರ್‌ರಿಂದ ಗಾರ್ಮ್ಲಿಯವರೆಗೆ ಈ ಕಾಯಿಲೆಯ ಚರಿತ್ರೆಯಲ್ಲಿ ವೈದ್ಯರೇ ರೋಗಿಗಳಾಗಿರುವುದು ಕುತೂಹಲದ ಸಂಗತಿ. ವಿಧಾನಕ್ಕೆ ಕೂಡಲೇ ಮನ್ನಣೆ ಸಿಗಲಿಲ್ಲ. ಬೆನ್ನಿನೊಳಗೆ ರಕ್ತ ಎಂದರೆ ಸೋಂಕು, ನರಗಳಿಗೆ ಪೆಟ್ಟು ಎಂಬ ಹೆದರಿಕೆ ಸಹಜವಾಗಿಯೇ ಇತ್ತು. ಡಿಜಿಯೋವಾನಿ ಮತ್ತು ಡನ್‌ಬಾರ್ 1970ರಲ್ಲಿ ರಕ್ತದ ಪ್ರಮಾಣವನ್ನು 10 ಮಿ.ಲೀ.ಗೆ ಏರಿಸಿ ದೊಡ್ಡ ಸರಣಿ ಪ್ರಕಟಿಸಿದರು. ಬಳಿಕ ಡಿಜಿಯೋವಾನಿ ತಂಡ ಮೇಕೆಗಳ ಮೇಲೆ ಪ್ರಯೋಗ ಮಾಡಿ ಡ್ಯೂರಾ ಹೇಗೆ ಕೂಡುತ್ತದೆಂದೂ ನೋಡಿತು. ಬ್ಲಡ್ ಪ್ಯಾಚ್ ಹರಡಿದ್ದು ಅಲ್ಲಿಂದ. 1980ರ ಹೊತ್ತಿಗೆ ಕ್ರಾಫರ್ಡ್ 20 ಮಿ.ಲೀ. ಬೇಕು ಎಂದರು.

ಶೇ. 90ಕ್ಕೂ ಹೆಚ್ಚು ಎಂಬ ಹೆಸರು ಹುಟ್ಟಿದ್ದು 1970ರ ದಶಕದ ಇಂಥ ಸರಣಿಗಳಿಂದ. ಅವುಗಳಲ್ಲಿ ಹೋಲಿಕೆಯ ಗುಂಪಿರಲಿಲ್ಲ. ಸೂಜಿಯಿಂದಾದ ತಲೆನೋವು ಬಹುಪಾಲು ಜನರಲ್ಲಿ ಒಂದೆರಡು ವಾರದಲ್ಲಿ ತಾನೇ ಹೋಗುವಂಥದ್ದು. ಹಾಗಿರುವಾಗ ಮದ್ದಿನ ಪಾಲು ಎಷ್ಟು, ಕಾಲದ ಪಾಲು ಎಷ್ಟು ಎಂದು ಬಿಡಿಸುವುದು ಹೇಗೆ? 2001ರಲ್ಲಿ ಫ್ರಾನ್ಸ್‌ನಿಂದ 504 ರೋಗಿಗಳ ವರದಿ ಬಂದಾಗ ಪೂರ್ತಿ ಗುಣ ಶೇ. 75, ಅರೆಗುಣ ಶೇ. 18, ವಿಫಲ ಶೇ. 7 ಎಂದಾಯಿತು. ಪೂರ್ತಿ ಮತ್ತು ಅರೆ ಎರಡನ್ನೂ ಕೂಡಿಸಿದರೆ ಶೇ. 93 ಆಗಿ, ಹಳೆಯ ‘ಶೇ. 90ಕ್ಕೂ ಹೆಚ್ಚು’ ಮತ್ತೆ ಎದ್ದು ಬರುತ್ತದೆ ಎಂಬುದನ್ನು ಓದುಗರು ಗಮನಿಸಬೇಕು. ಸೂಜಿ ದಪ್ಪವಾದಷ್ಟೂ ಸೋಲು ಹೆಚ್ಚು. ಚುಚ್ಚಿದ ನಾಲ್ಕು ದಿನದೊಳಗೆ ಪ್ಯಾಚ್ ಹಾಕಿದವರಲ್ಲೂ ಸೋಲು ಹೆಚ್ಚು ಕಂಡಿತು. ಇದನ್ನು ‘ಬೇಗ ಹಾಕಬಾರದು’ ಎಂದು ಓದಿದರೆ ಅವಸರವಾದೀತು. ತೂತು ದೊಡ್ಡದಿದ್ದವರು, ನೋವು ತಡೆಯಲಾಗದವರು ತಾನೇ ಮೊದಲು ಬಂದು ಪ್ಯಾಚ್ ಕೇಳುವವರು?

ಹೋಲಿಕೆಯ ಗುಂಪಿಟ್ಟು ಮಾಡಿದ ಪ್ರಯೋಗವೂ ಇದೆ. ನೆದರ್ಲೆಂಡ್ಸ್‌ನಲ್ಲಿ 40 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಪ್ಯಾಚ್, ಇನ್ನೊಂದಕ್ಕೆ ಬರೀ ವಿಶ್ರಾಂತಿ ಮತ್ತು ದ್ರವ ಕೊಟ್ಟರು. 2008ರ ಈ ವರದಿಯಂತೆ ವಾರದ ಕೊನೆಗೆ ತಲೆನೋವು ಉಳಿದದ್ದು ಪ್ಯಾಚ್ ಗುಂಪಿನಲ್ಲಿ ಶೇ. 16, ಇನ್ನೊಂದರಲ್ಲಿ ಶೇ. 86. ಗುಂಪು ಚಿಕ್ಕದು, ಯಾರಿಗೆ ಏನು ಕೊಟ್ಟರೆಂಬುದು ರೋಗಿಗಳಿಗೆ ತಿಳಿದೇ ಇತ್ತು. ಆದರೂ ವ್ಯತ್ಯಾಸ ಎಷ್ಟು ದೊಡ್ಡದೆಂದರೆ ಸೂಜಿತೂತಿನ ಮಟ್ಟಿಗೆ ಬ್ಲಡ್ ಪ್ಯಾಚ್ ಕೆಲಸ ಮಾಡುತ್ತದೆ ಎನ್ನಲು ನನಗೆ ಅಳುಕಿಲ್ಲ.

ಶೇ. 32 ಎಲ್ಲಿಂದ ಬಂತು? 2011ರಲ್ಲಿ ಪೀಚ್ ಮತ್ತು ಸಂಗಡಿಗರು 121 ಬಾಣಂತಿಯರಲ್ಲಿ 15, 20, 30 ಮಿ.ಲೀ. ರಕ್ತವನ್ನು ಹೋಲಿಸಿ ನೋಡಿದರು. ಇವರೆಲ್ಲ ಹೆರಿಗೆನೋವಿಗೆ ಎಪಿಡ್ಯೂರಲ್ ಕೊಡುವಾಗ ದಪ್ಪ ಸೂಜಿ ಕೈಮೀರಿ ಡ್ಯೂರಾ ದಾಟಿದ್ದವರು. ನೋವು ಪೂರ್ತಿ ಹೋಗಿ ಹಾಗೆಯೇ ಉಳಿದದ್ದು ಕ್ರಮವಾಗಿ ಶೇ. 10, 32 ಮತ್ತು 26. ಭಾಗಶಃ ಗುಣವನ್ನೂ ಸೇರಿಸಿದರೆ ಶೇ. 61, 73, 67. 20 ಮಿ.ಲೀ. ಎಂಬ ಇಂದಿನ ವಾಡಿಕೆಗೆ ಮುಖ್ಯ ಆಧಾರ ಇದೇ. ಏರಿಸುವಾಗ ಬೆನ್ನು ನೋಯತೊಡಗಿದರೆ ಅಲ್ಲಿಗೇ ನಿಲ್ಲಿಸುತ್ತಾರೆ. ತೂತಿನ ಗಾತ್ರ ಬದಲಾದದ್ದಕ್ಕೆ, ‘ಗುಣ’ ಎಂಬುದರ ಅಳತೆ ಬಿಗಿಯಾದದ್ದಕ್ಕೆ ಒಂದೇ ಚಿಕಿತ್ಸೆಯ ಅಂಕಿ 90ರಿಂದ 32ಕ್ಕೆ ಇಳಿಯಿತು. ರಕ್ತ ಬದಲಾಗಿಲ್ಲ.

ಪ್ಯಾಚ್ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಎಂಆರ್‌ಐ ಚಿತ್ರಗಳು ಸುಳಿವು ಕೊಟ್ಟವು. 1993ರಲ್ಲಿ ಬಿಯರ್ಡ್ಸ್ ಮತ್ತು ಸಂಗಡಿಗರು ಪ್ಯಾಚ್ ಹಾಕಿದ ಬಳಿಕ ಹಲವು ಹೊತ್ತಿನಲ್ಲಿ ತೆಗೆದ ಚಿತ್ರಗಳಲ್ಲಿ, ಮೊದಲ ಕೆಲವು ಗಂಟೆ ರಕ್ತ ಡ್ಯೂರಾವನ್ನು ಒತ್ತುತ್ತಿತ್ತು. ಏಳು ಗಂಟೆ ಕಳೆಯುವ ಹೊತ್ತಿಗೆ ಒತ್ತಡ ಇಳಿದಿತ್ತು. ಒತ್ತಿದಾಗ ದ್ರವ ಮೇಲಕ್ಕೇರಿ ತಲೆನೋವು ಮಂಚದ ಮೇಲೆಯೇ ತಗ್ಗುತ್ತದೆ. ಆಮೇಲೆ ಉಳಿಯುವುದು ತೂತಿಗೆ ಅಂಟಿದ ಹೆಪ್ಪು. ಬರೀ ಸಲೈನ್ ಏರಿಸಿದಾಗಲೂ ಮೊದಲಿನ ಆರಾಮ ಸಿಗುತ್ತದೆ, ಆದರೆ ನಿಲ್ಲುವುದಿಲ್ಲ. ಎರಡು ಹಂತಗಳ ವಾದಕ್ಕೆ ಇದು ಒಳ್ಳೆಯ ಬೆಂಬಲ. ಹಾಗಾಗಿ ಅರ್ಧ ಗಂಟೆಯಲ್ಲಿ ಸಿಕ್ಕ ಆರಾಮವನ್ನು ಯಶಸ್ಸೆಂದು ಬರೆದ ವರದಿಗಳು ಒತ್ತಡವನ್ನು ಅಳೆದಿವೆ, ಮುಚ್ಚಿಗೆಯನ್ನಲ್ಲ.

ಈಗ ಎರಡನೆಯ ಕಾಯಿಲೆ. ಯಾರೂ ಸೂಜಿ ಚುಚ್ಚದೆ, ಹೇಳಿಕೊಳ್ಳುವಂಥ ಪೆಟ್ಟೂ ಬೀಳದೆ ದ್ರವ ತಗ್ಗಿದ ರೋಗಿಗಳನ್ನು ಜರ್ಮನ್ ನರವೈದ್ಯ ಗಿಯೋರ್ಗ್ ಶಾಲ್ಟನ್‌ಬ್ರಾಂಟ್ 1938ರಲ್ಲಿ ವರ್ಣಿಸಿದರು. ಇಂದು ಅಂದಾಜಿನಂತೆ ವರ್ಷಕ್ಕೆ ಲಕ್ಷ ಜನರಲ್ಲಿ ನಾಲ್ಕೈದು ಮಂದಿಗೆ ಇದು ಬರುತ್ತದೆ. ಹೆಂಗಸರು ಹೆಚ್ಚು, ವಯಸ್ಸು ನಲವತ್ತರ ಆಸುಪಾಸು. ಮೈಗ್ರೇನ್, ಕತ್ತಿನ ಸವಕಳಿ, ಸೈನಸ್ ಎಂದು ಅಲೆದಾಡಿ ಬರುವವರೇ ಬಹಳ. ಮಿದುಳು ಕೆಳಗೆ ಜಗ್ಗಿರುವುದನ್ನು ಹುಟ್ಟಿನಿಂದ ಬಂದ ಕಿಯಾರಿ ದೋಷವೆಂದು ತಿಳಿದು ತಲೆಬುರುಡೆಯ ಶಸ್ತ್ರಚಿಕಿತ್ಸೆಗೆ ಒಳಗಾದವರೂ ಇದ್ದಾರೆ. ಈ ಕಾಯಿಲೆಯ ವೈದ್ಯಕೀಯ ಹೆಸರಿನಲ್ಲೇ ‘ತಲೆಯೊಳಗಿನ ಒತ್ತಡ ಕಡಿಮೆ’ ಎಂದಿದ್ದರೂ ಗಣನೀಯ ಭಾಗದ ರೋಗಿಗಳಲ್ಲಿ ಸೂಜಿ ಹಾಕಿ ಅಳೆದರೆ ಒತ್ತಡ ಸಹಜವೇ ಇರುತ್ತದೆ. ಸುಮಾರು ಐದರಲ್ಲೊಬ್ಬರ ಮಿದುಳಿನ ಎಂಆರ್‌ಐ ಕೂಡ ಸರಿಯಾಗಿಯೇ ಕಾಣುತ್ತದೆ.

ಸೋರುವ ಜಾಗಗಳೂ ಒಂದೇ ಬಗೆಯವಲ್ಲ. ಲಾಸ್ ಏಂಜಲಿಸ್‌ನ ಸೀಡರ್ಸ್-ಸೈನಾಯ್ ಆಸ್ಪತ್ರೆಯ ವೌಟರ್ ಸ್ಕೀವಿಂಕ್ ಮಾಡಿದ ವಿಂಗಡಣೆಯೇ ಈಗ ಎಲ್ಲ ಕಡೆ ಬಳಕೆಯಲ್ಲಿದೆ. ಒಂದು, ಡ್ಯೂರಾ ಹರಿದದ್ದು. ಎದೆಯ ಮಟ್ಟದಲ್ಲಿ, ಬೆನ್ನುಹುರಿಯ ಮುಂಬದಿಯಲ್ಲಿ, ಡಿಸ್ಕ್‌ನಿಂದ ಎದ್ದ ಸುಣ್ಣದ ಮುಳ್ಳು ಚುಚ್ಚಿ ಆಗುವುದು ಹೆಚ್ಚು. ಈ ಮುಳ್ಳಿನ ಪಾತ್ರವನ್ನು ಸ್ವಿಟ್ಜರ್ಲೆಂಡಿನ ಬರ್ನ್ ನಗರದ ವೈದ್ಯರು 2016ರಲ್ಲಿ ಎತ್ತಿ ತೋರಿಸಿದರು. ಎರಡು, ನರದ ಬುಡದಲ್ಲಿ ಉಬ್ಬಿದ ಚೀಲ. ಮೂರು, ದ್ರವ ನೇರವಾಗಿ ಪಕ್ಕದ ಸಿರೆಯೊಳಕ್ಕೆ ಇಳಿಯುವ ಫಿಸ್ಟುಲಾ. ಇದನ್ನು ಸ್ಕೀವಿಂಕ್ ತಂಡ ವರ್ಣಿಸಿದ್ದು 2014ರಲ್ಲಿ. ಜಾಗ ಸಿಗದವರೂ ಕೆಲವರು ಉಳಿಯುತ್ತಾರೆ.

ಸೂಜಿತೂತು ಎಲ್ಲಿದೆ ಎಂಬುದು ಚುಚ್ಚಿದವರಿಗೆ ಗೊತ್ತು. ಅದು ಹಿಂಬದಿಯಲ್ಲಿದೆ, ರಕ್ತ ಹೋಗುವುದೂ ಹಿಂಬದಿಗೇ. ತಾನಾಗಿ ಆದ ಸೋರಿಕೆಯಲ್ಲಿ ಹಾಗಿಲ್ಲ. ಪಂಕ್ಚರ್ ಅಂಗಡಿಯವನು ಟ್ಯೂಬನ್ನು ನೀರಿನಲ್ಲಿ ಅದ್ದಿ, ಗುಳ್ಳೆ ಏಳುವ ಜಾಗ ಗುರುತಿಸಿಕೊಂಡೇ ಪ್ಯಾಚ್ ಹಚ್ಚುತ್ತಾನೆ. ಇಲ್ಲಿ ತೂತು ನೋಡದೆಯೇ ಮೊದಲ ಪ್ಯಾಚ್. ಸೊಂಟದ ಬಳಿ ಹೆಚ್ಚು ರಕ್ತ ಏರಿಸಿ, ಅದು ಎದೆಯ ಮಟ್ಟದ ಮುಂಬದಿಗೆ ಹರಿದು ತಲುಪಲಿ ಎಂದು ಕಾಯುತ್ತಾರೆ. ಇಷ್ಟಾದರೂ ಕೆಲವರಿಗೆ ಗುಣವಾಗುತ್ತದೆ ಎಂಬುದೇ ಆಶ್ಚರ್ಯ. 2021ರಲ್ಲಿ ‘ಜಾಮಾ ನ್ಯೂರಾಲಜಿ’ಯಲ್ಲಿ ಡಿ'ಆಂಟೋನಾ ಮತ್ತು ಸಂಗಡಿಗರು ಪ್ರಕಟಿಸಿದ ಸಮೀಕ್ಷೆಯಲ್ಲಿ ವಿಶ್ರಾಂತಿ ಮೊದಲಾದವುಗಳಿಂದ ಶೇ. 28, ಮೊದಲ ಪ್ಯಾಚ್‌ನಿಂದ ಶೇ. 64 ಮಂದಿಗೆ ಗುಣ ಕಂಡಿತ್ತು, 20 ಮಿ.ಲೀ.ಗಿಂತ ಹೆಚ್ಚು ರಕ್ತಕ್ಕೆ ಶೇ. 77, ಕಡಿಮೆಗೆ ಶೇ. 66. ಈ ಸಮೀಕ್ಷೆಯನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಆದರೆ ಅದರ ಒಡಲಲ್ಲಿರುವುದು ಬಹುಮಟ್ಟಿಗೆ ಹೋಲಿಕೆಯ ಗುಂಪಿಲ್ಲದ ಸರಣಿಗಳು. ಹರಿದ ಡ್ಯೂರಾ, ಚೀಲ, ಫಿಸ್ಟುಲಾ ಮೂರೂ ಅಲ್ಲಿ ಒಂದೇ ರಾಶಿಯಲ್ಲಿವೆ. ಎಷ್ಟು ದಿನಕ್ಕೆ ನೋಡಿ ಗುಣ ಎಂದರು ಎಂಬುದು ವರದಿಯಿಂದ ವರದಿಗೆ ಬೇರೆ. ಫಿಸ್ಟುಲಾ ಇದ್ದವರಲ್ಲಿ ಪ್ಯಾಚ್‌ನ ಆರಾಮ ಸಾಮಾನ್ಯವಾಗಿ ನಿಲ್ಲುವುದಿಲ್ಲ, ಏಕೆಂದರೆ ಅಲ್ಲಿ ದ್ರವ ಎಪಿಡ್ಯೂರಲ್ ತೆರಪಿಗೆ ಬೀಳುವುದೇ ಇಲ್ಲ. ಶೇ. 64 ಎಂಬುದನ್ನು ರೋಗಿಯೊಬ್ಬರಿಗೆ ಹೇಳುವ ಮೊದಲು ಇವರದು ಯಾವ ಬಗೆ ಎಂದು ಕೇಳಿಕೊಳ್ಳಬೇಕಾದ್ದು ಅದಕ್ಕೇ.

ಬ್ರಿಟನ್ನಿನ ತಜ್ಞರು 2023ರಲ್ಲಿ ಹೊರತಂದ ಮಾರ್ಗಸೂಚಿ ಈ ವಿಷಯದಲ್ಲಿ ವ್ಯವಹಾರಜ್ಞಾನ ತೋರಿಸುತ್ತದೆ. ಹೆಚ್ಚೆಂದರೆ ಎರಡು ವಾರ ವಿಶ್ರಾಂತಿ, ಗುಣ ಕಾಣದಿದ್ದರೆ ಜಾಗ ಹುಡುಕುತ್ತಾ ಕೂರದೆ ಒಂದು ಪ್ಯಾಚ್, ಅದೂ ಫಲಿಸದಿದ್ದರೆ ಸೋರುವ ಜಾಗ ತೋರಿಸುವ ಮೈಲೋಗ್ರಾಂ ಚಿತ್ರಣ ಮಾಡಬಲ್ಲ ಕೇಂದ್ರಕ್ಕೆ ಕಳಿಸುವುದು. ಜಾಗ ಸಿಕ್ಕ ಮೇಲೆ ಸಿಟಿ ನೋಡುತ್ತಾ ಅಲ್ಲಿಗೇ ರಕ್ತ, ಇಲ್ಲವೇ ಫೈಬ್ರಿನ್ ಅಂಟು ಬಿಡಬಹುದು. ಅಂಟಿನಿಂದ ತೀವ್ರ ಅಲರ್ಜಿಯಾದ ವರದಿ ಇದೆ. ಫಿಸ್ಟುಲಾಕ್ಕೆ ಮೇಯೊ ಕ್ಲಿನಿಕ್‌ನ ಬ್ರಿಂಜಿಕ್ಜಿ ತಂಡ 2021ರಲ್ಲಿ ಐವರ ಮೇಲೆ ಮಾಡಿದ ಹೊಸ ದಾರಿಯನ್ನು ಪ್ರಕಟಿಸಿತು. ಸಿರೆಯ ಮೂಲಕ ತೆಳುವಾದ ಕೊಳವೆ ತೂರಿಸಿ, ಬೆನ್ನೆಲುಬಿನ ಪಕ್ಕದ ಅಜೈಗಸ್ ಸಿರೆಯ ಕವಲು ಹಿಡಿದು, ಸೋರುವ ಸಿರೆಯನ್ನು ಆನಿಕ್ಸ್ ಎಂಬ ಅಂಟಿನಿಂದ ಒಳಗಿನಿಂದಲೇ ಮುಚ್ಚುವುದು. ಇದು ಶಸ್ತ್ರಚಿಕಿತ್ಸೆಯಲ್ಲ ಎಂಬುದು ಚಾಕು ಮುಟ್ಟದ ಮಟ್ಟಿಗೆ ಸರಿ. ಹಾಗೆಂದು ಹಗುರವಾದ ಕೆಲಸವೆಂದು ರೋಗಿಗೆ ಅನಿಸುವಂತೆ ಮಾಡಬಾರದು.

ಬ್ಲಡ್ ಪ್ಯಾಚ್ ಕೂಡ ಹಾಗೆಯೇ. ಕೆಲವು ದಿನ ಬೆನ್ನುನೋವು ಸಾಮಾನ್ಯ. ಸೋಂಕು, ನರಕ್ಕೆ ಪೆಟ್ಟು ಅಪರೂಪ. ಜ್ವರ ಇರುವಾಗ, ರಕ್ತ ತೆಳುಮಾಡುವ ಔಷಧಿಯ ಮೇಲಿರುವಾಗ ಹಾಕುವುದಿಲ್ಲ. ಸೋರಿಕೆ ನಿಂತ ಮೇಲೆ ಕೆಲವರಲ್ಲಿ ದ್ರವದ ಒತ್ತಡ ಏರಿ ಹೊಸ ಬಗೆಯ ತಲೆನೋವು ಶುರುವಾಗುತ್ತದೆ. ಇದು ಹಣೆಯಲ್ಲಿ, ಮಲಗಿದಾಗ ಹೆಚ್ಚು. ಪ್ಯಾಚ್ ಸೋತಿತೆಂದು ತಪ್ಪು ತಿಳಿದು ಇನ್ನೊಂದು ಹಾಕಿದರೆ ಕೆಡುಕಾಗುತ್ತದೆ. ಇದಕ್ಕೆ ಬೇಕಾದ್ದು ಅಸೆಟಜೋಲಮೈಡ್‌ನಂಥ ಮಾತ್ರೆ. ಬಾಗಬೇಡಿ, ಭಾರ ಎತ್ತಬೇಡಿ, ಸೊಂಟ ತಿರುಚಬೇಡಿ ಎಂದು ನಾಲ್ಕರಿಂದ ಆರು ವಾರ ಹೇಳುವುದು ರೂಢಿ. ಆ ವಾರಗಳ ಎಣಿಕೆಗೆ ಅನುಭವದ ಆಧಾರವಿದೆ, ಪ್ರಯೋಗದ್ದಲ್ಲ.

ನನ್ನ ತೀರ್ಪು ಇದು. ತೆಳು ಸೂಜಿಯ ತೂತಿಗೆ ಬ್ಲಡ್ ಪ್ಯಾಚ್ ಒಳ್ಳೆಯ ಮದ್ದು. ದಪ್ಪ ಸೂಜಿಯದಕ್ಕೆ ಹೇಳಿಕೊಳ್ಳುವಷ್ಟಲ್ಲದಿದ್ದರೂ ಉಪಯುಕ್ತ, ಎರಡನೆಯ ಸಲ ಬೇಕಾಗಬಹುದೆಂದು ಮೊದಲೇ ಹೇಳಿಡಬೇಕು. ತಾನಾಗಿ ಆದ ಸೋರಿಕೆಯಲ್ಲಿ ಮೊದಲ ಹೆಜ್ಜೆಯಾಗಿ ಸರಿ, ಅದೇ ಕೊನೆಯ ಹೆಜ್ಜೆಯಾಗಬಾರದು. ನಮ್ಮಲ್ಲಿ ಈ ವರದಿಗಳನ್ನು ಬರೆಯುವವರು ಯಾವ ಬಗೆಯ ತೂತು, ಯಾವ ಸೂಜಿ, ಎಷ್ಟು ಮಿ.ಲೀ., ಎಷ್ಟನೆಯ ದಿನ ನೋಡಿದ್ದು, ಪೂರ್ತಿ ಗುಣವೋ ಅರೆಯೋ ಎಂಬುದನ್ನು ಬೇರೆಬೇರೆಯಾಗಿ ನಮೂದಿಸಬೇಕು. ಓದುಗರಲ್ಲಿ ಬಾಣಂತಿಯರು, ಅವರ ಮನೆಯವರು ಇದ್ದರೆ ಒಂದು ಮಾತು: ಹೆರಿಗೆಯಾದ ಕೆಲವು ದಿನದಲ್ಲಿ ಎದ್ದರೆ ತಲೆನೋವು, ಮಲಗಿದರೆ ಆರಾಮ ಎಂದಾದರೆ ಬಾಣಂತಿತನದ ಸುಸ್ತೆಂದು ಸುಮ್ಮನಿರದೆ ಅರಿವಳಿಕೆ ವೈದ್ಯರಿಗೆ ತಿಳಿಸಿ. ಆ ತಲೆನೋವು ಮಲಗಿದರೂ ಬಿಡದಂತಾದರೆ, ಮಂಪರು, ಫಿಟ್ಸ್, ಕೈಕಾಲಿನ ಸೋಲು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಜಗ್ಗಿದ ಮಿದುಳಿನ ಮೇಲೆ ರಕ್ತ ಶೇಖರವಾಗುವುದು ಅಪರೂಪವಾದರೂ ಇದೆ.